ಎರಡು ಆಸನದ ವಿಮಾನ: ಜರ್ಮನಿಯಿಂದ ಬೆಂಗಳೂರಿಗೆ ಬಂದ ವಿದ್ಯೆ



ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಹಳ್ಳಿಗಳ ಮೇಲೆ ದಿನವೂ ವಿಮಾನಗಳು ಹಾದುಹೋಗುತ್ತವೆ. ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರು ಒಂದು ಗಳಿಗೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ. ನಮ್ಮ ಕಡೆಯ ಹಳಬರು ಅದನ್ನು ತೆಲುಗಿನಲ್ಲಿ 'ಗಾಲಿಮೋಟಾರು' ಎಂದು ಕರೆಯುತ್ತಿದ್ದರು. ಒಳ್ಳೆಯ ಹೆಸರೇ. ಗಾಳಿಯೂ ಬೇಕು, ಮೋಟಾರೂ ಬೇಕು, ಎರಡೂ ಸೇರಿದರೇನೇ ಅದು ಹಾರುವುದು.

ಆದರೆ ಇವತ್ತು ನಾನು ಹೇಳಹೊರಟಿರುವುದು ನೂರಾರು ಜನರನ್ನು ಹೊತ್ತೊಯ್ಯುವ ಆ ದೊಡ್ಡ ವಿಮಾನದ ವಿಷಯವಲ್ಲ. ಇಬ್ಬರೇ ಕೂರುವ ಪುಟ್ಟ ವಿಮಾನದ ವಿಷಯ. ಅದರಲ್ಲಿ ಒಂದು ಆಸನ ಕಲಿಯುವವನಿಗೆ, ಇನ್ನೊಂದು ಕಲಿಸುವವನಿಗೆ. ಆ ದೊಡ್ಡ ವಿಮಾನ ನಡೆಸುವ ಚಾಲಕರೆಲ್ಲರೂ ಮೊದಲು ಇಂಥ ಒಂದು ಪುಟ್ಟ ವಿಮಾನದಲ್ಲಿ ಗುರುವಿನ ಜೊತೆ ಕುಳಿತು ಕಲಿತವರೇ. ಭಾರತದವರೇ ನಕ್ಷೆ ಬರೆದು, ನಮ್ಮ ನೆರೆಯ ಬೆಂಗಳೂರಿನಲ್ಲಿ ಕಟ್ಟಿದ ಅಂಥ ವಿಮಾನವೊಂದಿದೆ. ಅದರ ಹೆಸರು ಎಚ್‌ಟಿ-2, ಅಂದರೆ ಹಿಂದೂಸ್ತಾನ್ ಟ್ರೇನರ್ ಎರಡು. ಅದನ್ನು ರೂಪಿಸಿದವರು ಜರ್ಮನಿಯಲ್ಲಿ ಓದಿ ಬಂದ ಡಾಕ್ಟರ್ ವಿಷ್ಣು ಮಾಧವ ಘಾಟಗೆ. ಈ ವಿಮಾನದ ಕಥೆ ಹೇಳಬೇಕಾದರೆ ಮೊದಲು ಜರ್ಮನಿಗೆ ಒಂದು ಸುತ್ತು ಹೋಗಿ ಬರಬೇಕು.

ಅದಕ್ಕೂ ಮುನ್ನ ಈ ಎರಡನೇ ಆಸನ ಯಾಕೆ ಬೇಕು ಎಂಬುದನ್ನು ನೋಡೋಣ. ಹುಡುಗನಿಗೆ ಉಳುಮೆ ಕಲಿಸುವಾಗ ಅಪ್ಪ ಏನು ಮಾಡುತ್ತಾನೆ? ನೇಗಿಲ ಮೇಳಿಯನ್ನು, ತೆಲುಗಿನವರು ಮೇಡಿ ಎನ್ನುತ್ತಾರಲ್ಲ ಅದನ್ನು, ಹುಡುಗನ ಕೈಗೆ ಕೊಡುತ್ತಾನೆ. ಕೊಟ್ಟು ಮನೆಗೆ ಹೋಗುವುದಿಲ್ಲ. ಪಕ್ಕದಲ್ಲೇ ನಡೆಯುತ್ತಾನೆ. ಸಾಲು ಸೊಟ್ಟಗಾದರೆ ಕೈ ಹಾಕಿ ಸರಿಮಾಡುತ್ತಾನೆ. ಬ್ಯಾಂಕಿನಲ್ಲಿಯೂ ಹಾಗೆಯೇ. ಹೊಸ ಗುಮಾಸ್ತ ಬಂದರೆ ಹಳಬನೊಬ್ಬ ಪಕ್ಕದಲ್ಲಿ ಕುಳಿತು, ಲೆಡ್ಜರಿಗೆ ಬರೆಯುವ ಮುನ್ನ ಪ್ರತಿ ವೋಚರನ್ನೂ ನೋಡುತ್ತಿದ್ದ. ಸೊಟ್ಟ ಸಾಲನ್ನು ಮತ್ತೆ ಉಳಬಹುದು, ಲೆಡ್ಜರಿನ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಬಹುದು. ಎರಡು ಸಾವಿರ ಅಡಿ ಮೇಲೆ ಮಾಡಿದ ತಪ್ಪಿಗೆ ಅಷ್ಟು ಸಮಯವಿರುವುದಿಲ್ಲ. ಹಾಗಾಗಿ ತರಬೇತಿ ವಿಮಾನದಲ್ಲಿ ಎಲ್ಲವೂ ಜೋಡಿ. ಮೂತಿಯನ್ನು ಏರಿಸಿ ಇಳಿಸುವ, ರೆಕ್ಕೆಯನ್ನು ವಾಲಿಸುವ ಕೋಲು ಎರಡು. ಬಾಲದ ಚುಕ್ಕಾಣಿಯನ್ನು ತಿರುಗಿಸುವ ಕಾಲುಮೆಟ್ಟುಗಳು ಎರಡು ಜೊತೆ. ಎಂಜಿನ್ನಿನ ವೇಗ ಹೆಚ್ಚು ಕಡಿಮೆ ಮಾಡುವ ಹಿಡಿಯೂ ಎರಡು. ಇವು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಶಿಷ್ಯ ಕೋಲನ್ನು ಎಳೆದರೆ ಗುರುವಿನ ಮುಂದಿನ ಕೋಲೂ ಅಷ್ಟೇ ಎಳೆಯುತ್ತದೆ. ಶಿಷ್ಯನ ಕೈ ಹೆದರಿದ್ದರೆ ಗುರುವಿಗೆ ತನ್ನ ಕೈಯಲ್ಲೇ ಗೊತ್ತಾಗುತ್ತದೆ.

ಈಗ ಜರ್ಮನಿಗೆ ಬರೋಣ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ 1919ರಲ್ಲಿ ವರ್ಸೇಲ್ಸ್ ಒಪ್ಪಂದಕ್ಕೆ ರುಜು ಹಾಕಬೇಕಾಯಿತು. ಅದರಂತೆ ಆ ದೇಶ ಯುದ್ಧವಿಮಾನ ಇಟ್ಟುಕೊಳ್ಳುವಂತಿರಲಿಲ್ಲ. ದೊಡ್ಡ ಎಂಜಿನ್ನಿನ ದಾರಿ ಮುಚ್ಚಿದಾಗ ಅಲ್ಲಿನ ಯುವಕರು ಎಂಜಿನ್ನೇ ಇಲ್ಲದ ಗ್ಲೈಡರುಗಳನ್ನು ಬೆಟ್ಟದ ಮೇಲಿಂದ ತೇಲಿಬಿಟ್ಟು ಹಾರಾಟ ಕಲಿಯತೊಡಗಿದರು. ವಾಸರ್‌ಕುಪ್ಪೆ ಎಂಬ ಬೆಟ್ಟದಲ್ಲಿ 1920ರಿಂದ ಗ್ಲೈಡರ್ ಸ್ಪರ್ಧೆಗಳು ನಡೆದವು. ಗ್ಲೈಡರಿಗೆ ಹಗುರವಾದ ಮೈ, ಉದ್ದನೆಯ ರೆಕ್ಕೆ ಬೇಕು. ಈ ಪಾಠವನ್ನು ಚೆನ್ನಾಗಿ ಅರ್ಥಮಾಡಿಕೊಂಡವರಲ್ಲಿ ಹಾನ್ಸ್ ಕ್ಲೆಮ್ ಎಂಬ ಎಂಜಿನಿಯರ್ ಒಬ್ಬರು. ಸ್ಟುಟ್‌ಗಾರ್ಟ್ ನಗರದ ಬಳಿಯ ಬೋಬ್ಲಿಂಗೆನ್ ಊರಿನಲ್ಲಿ ವಿಮಾನ ಕಟ್ಟಿದವರು. 1920ರ ದಶಕದ ಮಧ್ಯಭಾಗದಲ್ಲಿ ಅವರು ಎಲ್-20 ಎಂಬ ಎರಡು ಆಸನದ ಮರದ ವಿಮಾನವನ್ನು ಕಟ್ಟಿದರು. ಅದರ ಎಂಜಿನ್ನಿನ ಶಕ್ತಿ ಎಷ್ಟು ಗೊತ್ತೇ? ಕೇವಲ 20 ಅಶ್ವಶಕ್ತಿ. ಈಗ ನಮ್ಮ ಹೊಲ ಉಳುವ ಸಾಧಾರಣ ಟ್ರಾಕ್ಟರಿನ ಎಂಜಿನ್ 35, 40 ಅಶ್ವಶಕ್ತಿಯದು. ಅದರಲ್ಲಿ ಅರ್ಧದಷ್ಟು ಬಲದಿಂದ ಒಂದು ವಿಮಾನ ನೆಲ ಬಿಟ್ಟು ಏರಿತು.

ಬರಿ ಏರಿದ್ದಲ್ಲ. 1928ರ ಆಗಸ್ಟ್ ತಿಂಗಳಲ್ಲಿ ಫ್ರೀಡ್ರಿಕ್ ಕಾರ್ಲ್ ಫಾನ್ ಕ್ಯೋನಿಗ್-ವಾರ್ಟ್‌ಹೌಸೆನ್ ಎಂಬ 22 ವರ್ಷದ ತರುಣ ಇಂಥ ಒಂದು 20 ಅಶ್ವಶಕ್ತಿಯ ಕ್ಲೆಮ್ ವಿಮಾನದಲ್ಲಿ ಬರ್ಲಿನ್ನಿನಿಂದ ಒಬ್ಬನೇ ಹೊರಟ. ಮಾಸ್ಕೋ, ಪರ್ಷಿಯಾ ದಾಟಿ, ಕರಾಚಿ, ಕಲ್ಕತ್ತಾ ಮಾರ್ಗವಾಗಿ ಸಿಂಗಪುರದವರೆಗೆ ಹಾರಿದ. ಸಾಗರಗಳನ್ನು ಮಾತ್ರ ವಿಮಾನವನ್ನು ಹಡಗಿಗೆ ಹಾಕಿಕೊಂಡು ದಾಟಿ, ಅಮೆರಿಕವನ್ನೂ ನೋಡಿಕೊಂಡು, 1929ರಲ್ಲಿ ಊರು ಸೇರಿದ. ಕ್ಲೆಮ್ ಅವರ ಮುಂದಿನ ಮಾದರಿಯಾದ ಎಲ್-25 ಜರ್ಮನಿಯಲ್ಲೇ 600ಕ್ಕೂ ಹೆಚ್ಚು ತಯಾರಾಯಿತು. ಇಂಗ್ಲೆಂಡಿನವರೂ ಅಮೆರಿಕದವರೂ ಪರವಾನಗಿ ಪಡೆದು ಅದನ್ನು ಕಟ್ಟಿದರು. ಚಿಕ್ಕ ಎಂಜಿನ್, ಹಗುರವಾದ ಮೈ, ಮೈಯ ಕೆಳಭಾಗಕ್ಕೆ ಜೋಡಿಸಿದ ಒಂದೇ ಜೊತೆ ರೆಕ್ಕೆ. ಹೊರಗಿನಿಂದ ತಂತಿ, ಕಂಬಗಳ ಆಸರೆಯಿಲ್ಲ. ಆಗಿನ ಕಾಲದಲ್ಲಿ ಒಂದರ ಮೇಲೊಂದು ರೆಕ್ಕೆಯಿಟ್ಟು ತಂತಿ ಬಿಗಿದ ವಿಮಾನಗಳೇ ಹೆಚ್ಚಾಗಿದ್ದವು. ಅವುಗಳ ನಡುವೆ ಇದು ಹೊಸ ದಾರಿ.

ಈ ಕಥೆಗೆ ಒಂದು ಕಪ್ಪು ಮಗ್ಗುಲೂ ಇದೆ, ಅದನ್ನು ಮರೆಮಾಚಬಾರದು. 1933ರ ನಂತರ ಹಿಟ್ಲರನ ಸರ್ಕಾರ ಇದೇ ಎರಡು ಆಸನದ ವಿಮಾನಗಳಲ್ಲಿ ಸಾವಿರಾರು ತರುಣರಿಗೆ ಹಾರಾಟ ಕಲಿಸಿ, ಅವರನ್ನು ಯುದ್ಧಕ್ಕೆ ಕಳಿಸಿತು. ಕುರ್ಟ್ ಟ್ಯಾಂಕ್ ಎಂಬ ಎಂಜಿನಿಯರರ ಕೈಯಲ್ಲಿ ರೂಪುಗೊಂಡು 1932ರಲ್ಲಿ ಹಾರಿದ 'ಸ್ಟೀಗ್ಲಿಟ್ಸ್' ಎಂಬ ಎರಡು ಆಸನದ ತರಬೇತಿ ವಿಮಾನವೂ ಇದಕ್ಕೆ ಬಳಕೆಯಾಯಿತು. ಆ ಹೆಸರಿನ ಅರ್ಥ ಒಂದು ಹಾಡುವ ಹಕ್ಕಿ. ಈ ಕುರ್ಟ್ ಟ್ಯಾಂಕ್ ಅವರನ್ನು ನೆನಪಿಟ್ಟುಕೊಳ್ಳಿ, ಮುಂದೆ ಅವರು ಬೆಂಗಳೂರಿಗೇ ಬರುತ್ತಾರೆ.

ವಿಮಾನ ಕಟ್ಟುವವರು ಒಂದು ಕಡೆಯಾದರೆ, ಗಾಳಿಯ ಗುಣವನ್ನು ಅಭ್ಯಾಸಮಾಡುವವರು ಇನ್ನೊಂದು ಕಡೆ ಇದ್ದರು. ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಪ್ರೊಫೆಸರರು ಇದಕ್ಕಾಗಿ ಗಾಳಿಸುರಂಗವನ್ನು ಕಟ್ಟಿಸಿದ್ದರು. ಕೊಳವೆಯಂಥ ಕೋಣೆಯಲ್ಲಿ ಪಂಖದಿಂದ ಗಾಳಿ ಹರಿಸಿ, ರೆಕ್ಕೆಯ ಚಿಕ್ಕ ಮಾದರಿಯನ್ನು ಅದರಲ್ಲಿ ನಿಲ್ಲಿಸಿ, ಎಷ್ಟು ಬಲ ಮೇಲಕ್ಕೆ, ಎಷ್ಟು ಬಲ ಹಿಂದಕ್ಕೆ ಎಂದು ಅಳೆಯುವ ವ್ಯವಸ್ಥೆ ಅದು. ಪ್ರಾಂಟ್ಲ್ ಅವರು 1904ರಲ್ಲೇ ಒಂದು ದೊಡ್ಡ ವಿಷಯ ತಿಳಿಸಿದ್ದರು. ಅದನ್ನು ನಮ್ಮ ಕಡೆಯ ಉದಾಹರಣೆಯಿಂದ ಹೇಳುತ್ತೇನೆ.

ಕಣೇಕಲ್, ಬೊಮ್ಮನಹಾಳ್ ಕಡೆಯವರು ತುಂಗಭದ್ರಾ ಮೇಲ್ಮಟ್ಟದ ಕಾಲುವೆಯನ್ನು ನೋಡಿದ್ದೀರಿ. ಕಾಲುವೆಯ ನಡುವೆ ಒಂದು ಎಲೆ ಬಿಟ್ಟರೆ ಸರಸರನೆ ಹೋಗುತ್ತದೆ. ದಡಕ್ಕೆ ತಾಗಿದಂತೆ ಬಿಟ್ಟರೆ ಮೆಲ್ಲಗೆ ಸಾಗುತ್ತದೆ. ದಡವನ್ನು ಮುಟ್ಟಿದ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಗಾಳಿಯೂ ಹಾಗೆಯೇ. ರೆಕ್ಕೆಯ ಮೈಗೆ ಅಂಟಿದ ತೆಳುವಾದ ಪದರಿನಲ್ಲಿ ಗಾಳಿ ನಿಧಾನ, ಅದರಾಚೆ ಪೂರ್ತಿ ವೇಗ. ಈ ಪದರು ರೆಕ್ಕೆಯ ಮೈ ಹಿಡಿದು ಹರಿಯುವವರೆಗೆ ವಿಮಾನಕ್ಕೆ ಆಧಾರ. ಅದು ಮೈ ಬಿಟ್ಟು ಕಿತ್ತುಹೋದರೆ ಆಧಾರ ತಪ್ಪುತ್ತದೆ.

ರೆಕ್ಕೆ ವಿಮಾನವನ್ನು ಹೇಗೆ ಎತ್ತುತ್ತದೆ ಎಂಬುದೂ ಇದರಲ್ಲೇ ಅಡಗಿದೆ. ರೆಕ್ಕೆ ಸ್ವಲ್ಪ ಮೇಲ್ಮುಖವಾಗಿ ಓರೆಯಾಗಿದ್ದು, ತನ್ನ ಮೇಲೂ ಕೆಳಗೂ ಹರಿಯುವ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಗಾಳಿ ಕೆಳಕ್ಕೆ ಹೋದಷ್ಟೂ ರೆಕ್ಕೆ ಮೇಲಕ್ಕೆ ತಳ್ಳಲ್ಪಡುತ್ತದೆ. ಓರೆ ಹೆಚ್ಚಾದರೆ ಎತ್ತುವ ಬಲವೂ ಹೆಚ್ಚು, ಆದರೆ ಒಂದು ಮಿತಿಯವರೆಗೆ ಮಾತ್ರ. ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ ಆ ಮಿತಿ ಬರುತ್ತದೆ. ಅದನ್ನು ಮೀರಿದರೆ ಗಾಳಿ ರೆಕ್ಕೆಯ ಬೆನ್ನನ್ನು ಬಿಟ್ಟು ಚದುರುತ್ತದೆ, ವಿಮಾನ ಕುಸಿಯುತ್ತದೆ. ಹಾರಾಟದವರು ಇದಕ್ಕೆ 'ಸ್ಟಾಲ್' ಎನ್ನುತ್ತಾರೆ. ಎಂಜಿನ್ ನಿಂತಿದ್ದರಿಂದ ಆಗುವುದಲ್ಲ ಇದು, ಗಾಳಿ ಕೈಬಿಟ್ಟದ್ದರಿಂದ ಆಗುವುದು. ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಆಧಾರ ಕಳೆದುಕೊಂಡರೆ ವಿಮಾನ ಆ ಕಡೆಗೆ ವಾಲಿ, ಬುಗುರಿಯಂತೆ ಸುತ್ತುತ್ತಾ ಇಳಿಯತೊಡಗುತ್ತದೆ. ತೆಲುಗಿನ ಬೊಂಗರಂ ಅನ್ನಿ, ಅದೇ. ಇದಕ್ಕೆ 'ಸ್ಪಿನ್' ಎಂದು ಹೆಸರು.

ಹೊಸಬನಿಗೆ ಇಲ್ಲಿ ಗಂಡಾಂತರ ಯಾಕೆಂದರೆ, ಕೆಳಗೆ ಬೀಳುತ್ತಿದ್ದೇನೆ ಎಂದು ಕಂಡಾಗ ಮನುಷ್ಯನ ಕೈ ತಾನಾಗಿ ಕೋಲನ್ನು ಹಿಂದಕ್ಕೆಳೆಯುತ್ತದೆ, ಮೂತಿ ಮೇಲೇರಲಿ ಎಂದು. ಅದು ಓರೆಯನ್ನು ಇನ್ನೂ ಹೆಚ್ಚಿಸುತ್ತದೆ, ಕುಸಿತವೂ ಹೆಚ್ಚುತ್ತದೆ. ಸಾಮಾನ್ಯವಾಗಿ ಮಾಡಬೇಕಾದದ್ದು ಅದರ ವಿರುದ್ಧ. ಎಂಜಿನ್ನಿನ ಬಲ ತಗ್ಗಿಸಬೇಕು, ಸುತ್ತುವುದಕ್ಕೆ ಎದುರಾಗಿ ಕಾಲುಮೆಟ್ಟು ಒತ್ತಬೇಕು, ಕೋಲನ್ನು ಮುಂದಕ್ಕೆ ತಳ್ಳಬೇಕು, ಅಂದರೆ ನೆಲದ ಕಡೆಗೇ ಮೂತಿ ಮಾಡಬೇಕು. ಗಾಳಿ ಮತ್ತೆ ರೆಕ್ಕೆಯನ್ನು ಹಿಡಿಯುತ್ತದೆ, ಆಗ ಮೆಲ್ಲಗೆ ಎತ್ತಿಕೊಳ್ಳಬೇಕು. ಈ ಧೈರ್ಯ ಪುಸ್ತಕ ಓದಿ ಬರುವುದಿಲ್ಲ. ಅನುಭವಸ್ಥ ಹಿಂದೆ ಕುಳಿತಿದ್ದಾಗ, ಸಾಕಷ್ಟು ಎತ್ತರದಲ್ಲಿ, ಬೇಕೆಂದೇ ವಿಮಾನವನ್ನು ಬುಗುರಿಯಾಡಿಸಿ ಹತ್ತಾರು ಸಲ ಬಿಡಿಸಿಕೊಂಡಾಗ ಬರುತ್ತದೆ. ಎರಡನೇ ಆಸನದ ನಿಜವಾದ ಬೆಲೆ ಇಲ್ಲಿದೆ. ಒಳ್ಳೆಯ ತರಬೇತಿ ವಿಮಾನ ಎಂದರೆ ತಪ್ಪು ಮಾಡಿದರೆ ತಪ್ಪೆಂದು ತೋರಿಸಬೇಕು, ಆದರೆ ತಿದ್ದಿಕೊಳ್ಳಲು ಅವಕಾಶವನ್ನೂ ಕೊಡಬೇಕು.

ಪ್ರಾಂಟ್ಲ್ ಅವರ ಬಳಿ ಈ ವಿದ್ಯೆ ಕಲಿಯಲು ಹೋದವರಲ್ಲಿ ನಮ್ಮ ಘಾಟಗೆಯವರೂ ಒಬ್ಬರು. ಅವರು ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ್ ತಾಲ್ಲೂಕಿನ ಹಸೂರಚಂಪು ಎಂಬ ಹಳ್ಳಿಯಲ್ಲಿ. ಗಡಹಿಂಗ್ಲಜ್ ಎಂದರೆ ಮರಾಠಿಯೂ ಕನ್ನಡವೂ ಕಿವಿಗೆ ಬೀಳುವ ಗಡಿ ಸೀಮೆ, ನಮ್ಮ ರಾಯದುರ್ಗ, ಮಡಕಶಿರಾಗಳಲ್ಲಿ ತೆಲುಗೂ ಕನ್ನಡವೂ ಬೀಳುವ ಹಾಗೆ. ಅಂಥ ಊರಿನ ಹುಡುಗ ಮೂರನೆಯದಾಗಿ ಜರ್ಮನ್ ಭಾಷೆಯ ನಾಡಿಗೆ ಹೋಗಿ, 1936ರಲ್ಲಿ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಅವರು ಹಿಂದಿರುಗಿದ ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು. 1940ರ ಡಿಸೆಂಬರ್ 23ರಂದು ಉದ್ಯಮಿ ವಾಲಚಂದ್ ಹೀರಾಚಂದ್ ಅವರೂ ಮೈಸೂರು ಸಂಸ್ಥಾನವೂ ಕೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬ್ಯಾಂಕಿನಲ್ಲಿ ಲೆಕ್ಕ ಬರೆದವನಾದ್ದರಿಂದ ನನಗೆ ಮೊದಲು ಕಣ್ಣಿಗೆ ಬೀಳುವುದು ಬಂಡವಾಳ. ವಾಲಚಂದರದು 25 ಲಕ್ಷ, ಸಂಸ್ಥಾನದ್ದು 25 ಲಕ್ಷ, ಮರುವರ್ಷ ಭಾರತ ಸರ್ಕಾರದ್ದು ಇನ್ನೊಂದು 25 ಲಕ್ಷ. ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ವಿಮಾನವನ್ನೇ ಎಂದೂ ಕಟ್ಟದ ನಾಡಿನಲ್ಲಿ ಇಷ್ಟು ಹಣ ಹೂಡುವುದಕ್ಕೆ ಎದೆಗಾರಿಕೆ ಬೇಕು. 1941ರ ಆಗಸ್ಟ್‌ನಲ್ಲಿ ಈ ಕಾರ್ಖಾನೆ ಜೋಡಿಸಿದ ಮೊದಲ ವಿಮಾನ ಹಾರಿತು. ಅದೂ ಎರಡು ಆಸನದ ತರಬೇತಿ ವಿಮಾನವೇ, ಹಾರ್ಲೋ ಎಂಬ ಅಮೆರಿಕದ ಮಾದರಿ. 1942ರಲ್ಲಿ ಯುದ್ಧದ ಕಾರಣದಿಂದ ಸರ್ಕಾರ ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅಲ್ಲಿ ಯುದ್ಧವಿಮಾನಗಳ ರಿಪೇರಿ ನಡೆಯಿತು.

ಘಾಟಗೆಯವರು ಈ ಕಾರ್ಖಾನೆಯನ್ನು ಮೊದಲ ದಿನಗಳಲ್ಲೇ ಸೇರಿದರು. ಯುದ್ಧಕಾಲದಲ್ಲಿ ಹತ್ತು ಜನ ಕೂರುವ ಒಂದು ಗ್ಲೈಡರನ್ನು ರೂಪಿಸಿದರು. 1942ರ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯಲ್ಲಿ, ವಿಮಾನಶಾಸ್ತ್ರದ ವಿಭಾಗ ತೆರೆದಾಗ ಅಲ್ಲಿ ಪಾಠ ಹೇಳಿದರು. ಗಾಟಿಂಗೆನ್‌ನಲ್ಲಿ ತಾವು ಕಲಿತದ್ದನ್ನು ಇಲ್ಲಿಯ ಹುಡುಗರಿಗೆ ಕಲಿಸಿದರು. ಇದೂ ಒಂದು ಬಗೆಯಲ್ಲಿ ಎರಡನೇ ಆಸನವೇ ಅಲ್ಲವೇ?

ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಯ ಹುಡುಗರು ಕಲಿಯುತ್ತಿದ್ದದ್ದು ಟೈಗರ್ ಮಾತ್ ಎಂಬ ಇಂಗ್ಲಿಷ್ ವಿಮಾನದಲ್ಲಿ. ಒಂದರ ಮೇಲೊಂದು ರೆಕ್ಕೆ, ಬಟ್ಟೆ ಹೊದಿಸಿದ ಮೈ, ತೆರೆದ ಆಸನ. ಮುಂದೆ ಅವರು ನಡೆಸಬೇಕಾಗಿದ್ದದ್ದು ಪೂರ್ತಿ ಲೋಹದ, ವೇಗದ ವಿಮಾನಗಳನ್ನು. ಎತ್ತಿನ ಗಾಡಿಯಲ್ಲಿ ಕಲಿತವನನ್ನು ಏಕಾಏಕಿ ಬಸ್ಸಿಗೆ ಕೂರಿಸಿದಂತಾಗುತ್ತಿತ್ತು. ಆದ್ದರಿಂದ ಹೊಸ ತರಬೇತಿ ವಿಮಾನವನ್ನು ನಾವೇ ರೂಪಿಸೋಣ ಎಂಬ ತೀರ್ಮಾನವಾಗಿ, ಘಾಟಗೆಯವರ ತಂಡಕ್ಕೆ ಆ ಕೆಲಸ ಬಂತು. ಮೂರು ವರ್ಷದೊಳಗೆ, 1951ರ ಆಗಸ್ಟ್ 5ರಂದು, ಎಚ್‌ಟಿ-2 ಬೆಂಗಳೂರಿನಲ್ಲಿ ಮೊದಲ ಸಲ ನೆಲ ಬಿಟ್ಟಿತು. ಅದನ್ನು ಹಾರಿಸಿದವರು ಕಾರ್ಖಾನೆಯ ಪರೀಕ್ಷಾ ಚಾಲಕ ಕ್ಯಾಪ್ಟನ್ ಜಮ್‌ಷೆಡ್ ಮುನ್ಶಿ. ಭಾರತದಲ್ಲೇ ನಕ್ಷೆ ಬರೆದು, ಭಾರತದಲ್ಲೇ ಕಟ್ಟಿ, ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ ಮೊದಲ ಎಂಜಿನ್ ವಿಮಾನ ಇದು.

ಅದು ಹೇಗಿತ್ತು ಎಂದು ಹೇಳುತ್ತೇನೆ, ಕಣ್ಣಮುಂದೆ ತಂದುಕೊಳ್ಳಿ. ಮೂತಿಯಿಂದ ಬಾಲಕ್ಕೆ ಸುಮಾರು 25 ಅಡಿ ಉದ್ದ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 35 ಅಡಿ. ಖಾಲಿ ವಿಮಾನದ ತೂಕ ಸುಮಾರು 700 ಕಿಲೋ. ಇಬ್ಬರು ಜನ, ಎಣ್ಣೆ ಎಲ್ಲ ಸೇರಿದರೆ ಒಂದು ಟನ್ನಿಗೆ ಸ್ವಲ್ಪ ಮೇಲೆ. ಕ್ಲೆಮ್ ವಿಮಾನದಂತೆ ರೆಕ್ಕೆ ಮೈಯ ಕೆಳಭಾಗದಲ್ಲಿ, ಆದರೆ ಮರದ ಬದಲು ಅಲ್ಯೂಮಿನಿಯಂ ಮಿಶ್ರಲೋಹದ ತಗಡು, ರಿವೆಟ್ ಹೊಡೆದು ಜೋಡಿಸಿದ್ದು. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಕೂರಬೇಕು, ಮೇಲೆ ಗಾಜಿನ ಮುಚ್ಚಳ. ಮುಂದೆ ಎರಡು ಚಕ್ರ, ಬಾಲದಡಿ ಒಂದು ಪುಟ್ಟ ಚಕ್ರ. ಮೊದಲ ಮಾದರಿಗೆ 145 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್ ಹಾಕಿದ್ದರು. ಅದು ಸಾಲದೆಂದು ಕಂಡದ್ದರಿಂದ, 1952ರ ಫೆಬ್ರುವರಿ 19ರಂದು ಹಾರಿದ ಎರಡನೆಯ ಮಾದರಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ ಬಂತು. ಅದೇ ನಿಂತಿತು. ಎಂಜಿನ್ ಮಾತ್ರ ಇಂಗ್ಲೆಂಡಿನದು. ಗರಿಷ್ಠ ವೇಗ ಗಂಟೆಗೆ ಸುಮಾರು 130 ಮೈಲಿ. ಒಮ್ಮೆ ಎಣ್ಣೆ ತುಂಬಿದರೆ ಸುಮಾರು 350 ಮೈಲಿ ಹೋಗಬಲ್ಲದು. ಅಂದರೆ ಬೆಂಗಳೂರಿನಿಂದ ರಾಯದುರ್ಗಕ್ಕೆ ಬಂದು, ಇಳಿಯದೆ ತಿರುಗಿ ಹೋಗುವಷ್ಟು.

ಬಾಲದಡಿ ಚಕ್ರವಿರುವ ವಿಮಾನ ಹೊಸಬರಿಗೆ ಸ್ವಲ್ಪ ಬಿಗಿ. ನೆಲದ ಮೇಲೆ ಓಡುವಾಗ ಮೂತಿ ಎತ್ತಿಕೊಂಡಿರುವುದರಿಂದ ನೇರ ಮುಂದೆ ಕಾಣುವುದಿಲ್ಲ. ಇಳಿಯುವಾಗ ಕಾಲುಮೆಟ್ಟು ಸ್ವಲ್ಪ ಮರೆತರೆ ಗರ್ರನೆ ತಿರುಗಿ ನಿಲ್ಲುತ್ತದೆ. ಆದರೆ ಅಂಥದ್ದರಲ್ಲಿ ಕಲಿತವನ ಕಾಲು ಜೀವಮಾನವಿಡೀ ಎಚ್ಚರವಾಗಿರುತ್ತದೆ ಎಂದು ಹಾರಾಟ ಕಲಿಸುವವರು ಹೇಳುತ್ತಾರೆ.

ಒಟ್ಟು ಸುಮಾರು 170 ಎಚ್‌ಟಿ-2 ವಿಮಾನಗಳು ಬೆಂಗಳೂರಿನಲ್ಲಿ ತಯಾರಾದವು. ವಾಯುಪಡೆಯೂ ನಾಗರಿಕ ಹಾರಾಟ ಶಾಲೆಗಳೂ ಬಳಸಿದವು. 1960ರ ದಶಕದಲ್ಲಿ ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆ ಬೀದರಿನಲ್ಲಿ ಆರಂಭವಾದ ಮೇಲೆ ಅಲ್ಲಿ ಈ ವಿಮಾನವೇ ಗುರುಕುಲ. ಬೀದರ್ ಎಂದರೆ ಕನ್ನಡ, ಮರಾಠಿ, ತೆಲುಗು, ಉರ್ದು ಕೂಡಿದ ಇನ್ನೊಂದು ಗಡಿನಾಡು. ಕೆಲವು ವಿಮಾನಗಳಿಗೆ ಕೊನೆಗಾಲದಲ್ಲಿ ಅಮೆರಿಕದ ಲೈಕಮಿಂಗ್ ಎಂಜಿನ್ ಜೋಡಿಸಿ ಆಯುಷ್ಯ ಹೆಚ್ಚಿಸಿದರು. 1980ರ ದಶಕದ ಅಂತ್ಯದವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷ, ಈ ಪುಟ್ಟ ವಿಮಾನ ದೇಶದ ಹುಡುಗರಿಗೆ ಹಾರಾಟದ ಓನಾಮ ಹೇಳಿಕೊಟ್ಟಿತು.

ನಮ್ಮ ಹುಡುಗರಿಗಷ್ಟೇ ಅಲ್ಲ. ಆಫ್ರಿಕದ ಘಾನಾ ದೇಶ 1957ರಲ್ಲಿ ಸ್ವತಂತ್ರವಾಗಿ, 1959ರಲ್ಲಿ ತನ್ನ ವಾಯುಪಡೆಯನ್ನು ಕಟ್ಟಲು ಹೊರಟಾಗ ಭಾರತದ ಸಹಾಯ ಕೇಳಿತು. 12 ಎಚ್‌ಟಿ-2 ವಿಮಾನಗಳು ಅಲ್ಲಿಗೆ ಹೋದವು, ಕಲಿಸಲು ಭಾರತೀಯರೂ ಹೋದರು. ಗಾಟಿಂಗೆನ್‌ನಲ್ಲಿ ಶಿಷ್ಯರಾಗಿದ್ದವರು ಬೆಂಗಳೂರಿನಲ್ಲಿ ಗುರುವಾದರು. ಬೆಂಗಳೂರಿನ ವಿಮಾನ ಘಾನಾದ ಹುಡುಗರಿಗೆ ಗುರುವಾಯಿತು.

ಎಚ್‌ಟಿ-2 ಆದ ಮೇಲೆ ಬೆಂಗಳೂರಿನ ಕಾರ್ಖಾನೆ ನಿಲ್ಲಲಿಲ್ಲ. 1958ರಲ್ಲಿ ಹಾರಿದ ಪುಷ್ಪಕ್ ಎಂಬ ಇನ್ನೊಂದು ಎರಡು ಆಸನದ ವಿಮಾನದಲ್ಲಿ ಗುರು ಶಿಷ್ಯರು ಅಕ್ಕಪಕ್ಕ ಕೂರುತ್ತಿದ್ದರು. ಹಾರಾಟದ ಕ್ಲಬ್ಬುಗಳಲ್ಲಿ ಅದು ಬಹಳ ವರ್ಷ ಬಳಕೆಯಲ್ಲಿತ್ತು. 1956ರಲ್ಲಿ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಹಿಂದೆ ಸ್ಟೀಗ್ಲಿಟ್ಸ್ ರೂಪಿಸಿದ ಅವರೇ ಇಲ್ಲಿ ಭಾರತೀಯ ಎಂಜಿನಿಯರುಗಳ ಜೊತೆ ಮರುತ್ ಎಂಬ ಜೆಟ್ ಯುದ್ಧವಿಮಾನವನ್ನು ರೂಪಿಸಿದರು. ಅದು ಹಾರಿದ್ದು 1961ರ ಜೂನ್ 17ರಂದು. ಇತ್ತ ಘಾಟಗೆಯವರ ನೇತೃತ್ವದಲ್ಲಿ ಕೆಲಸ ಆರಂಭವಾದ ಕಿರಣ್ ಎಂಬ ಎರಡು ಆಸನದ ಜೆಟ್ ತರಬೇತಿ ವಿಮಾನ 1964ರಲ್ಲಿ ಹಾರಿತು. ಸರ್ಕಾರ 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಕೊಟ್ಟಿತು. 1991ರಲ್ಲಿ ಅವರು ತೀರಿಕೊಂಡರು.

ಇಲ್ಲಿಯವರೆಗೆ ಹೇಳಿದ್ದು ಏರಿದ ಕಥೆ. ಇನ್ನು ತಗ್ಗಿದ್ದನ್ನೂ ಹೇಳಬೇಕು. ಎಚ್‌ಟಿ-2ರ ಜಾಗಕ್ಕೆ ಬಂದದ್ದು 1977ರಲ್ಲಿ ಮೊದಲು ಹಾರಿದ ಎಚ್‌ಪಿಟಿ-32, ಅದರ ಹೆಸರು ದೀಪಕ್. ಅದೂ ಬೆಂಗಳೂರಿನದೇ. ಆ ವಿಮಾನದ ಎಂಜಿನ್ ಹಾರುವಾಗಲೇ ನಿಂತುಹೋಗುವ ತೊಂದರೆ ಮತ್ತೆ ಮತ್ತೆ ಕಾಣಿಸಿಕೊಂಡಿತು. ಎಂಜಿನ್ ನಿಂತ ಮೇಲೆ ಅದು ಬಹಳ ಬೇಗ ಎತ್ತರ ಕಳೆದುಕೊಳ್ಳುತ್ತಿತ್ತು. ಅಪಘಾತಗಳಲ್ಲಿ 19 ಮಂದಿ ಚಾಲಕರು ಪ್ರಾಣ ಕಳೆದುಕೊಂಡರು. 2009ರ ಜುಲೈ ಕೊನೆಯಲ್ಲಿ ಇಬ್ಬರು ಅನುಭವಸ್ಥ ತರಬೇತುದಾರರೇ ಸತ್ತ ಮೇಲೆ ಅದನ್ನು ನೆಲಕ್ಕಿಳಿಸಿ ನಿಲ್ಲಿಸಿದರು. ಎರಡನೇ ಆಸನದಲ್ಲಿ ಗುರುವಿದ್ದರಷ್ಟೇ ಸಾಲದು, ಅವನ ಕೈಗೆ ತಿದ್ದಿಕೊಳ್ಳುವಷ್ಟು ಅವಕಾಶವನ್ನು ವಿಮಾನವೂ ಕೊಡಬೇಕು ಎಂಬುದನ್ನು ಇದಕ್ಕಿಂತ ಕಠೋರವಾಗಿ ಹೇಳಲಾಗದು.

ಆಮೇಲೆ ಆದದ್ದನ್ನು ನೋಡಿ. ಮೊದಲ ಪಾಠ ಕಲಿಯಲು ಹಗುರ ವಿಮಾನವೇ ಇಲ್ಲದೆ ಹೊಸಬರು ಕಿರಣ್ ಜೆಟ್ಟಿನಲ್ಲೇ ಆರಂಭಿಸಬೇಕಾಯಿತು. ಕಡೆಗೆ ಸ್ವಿಟ್ಜರ್ಲೆಂಡಿನಿಂದ 75 ಪಿಲಾಟಸ್ ವಿಮಾನಗಳನ್ನು ಕೊಂಡುಕೊಂಡು, 2013ರಿಂದ ಅವುಗಳಲ್ಲಿ ಪಾಠ ನಡೆಯಿತು. 1951ರಲ್ಲಿ ತಾನೇ ಕಟ್ಟಿದ, 1959ರಲ್ಲಿ ಬೇರೆಯವರಿಗೆ ಕೊಟ್ಟ ದೇಶ, ಅರವತ್ತು ವರ್ಷದ ಮೇಲೆ ಅದೇ ಸಾಮಾನಿಗೆ ಹೊರಗಿನ ಅಂಗಡಿಗೆ ಹೋಗಬೇಕಾಯಿತು. ಕೊಂಡದ್ದು ತಪ್ಪಲ್ಲ, ಹುಡುಗರ ಪ್ರಾಣ ದೊಡ್ಡದು. ಆದರೆ ಹಾರಾಟದಂತೆ ನಕ್ಷೆ ಬರೆಯುವುದೂ ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆ. ಹಳಬ ಎಂಜಿನಿಯರ್ ನಿವೃತ್ತಿಯಾಗುವ ಮುನ್ನ ಹೊಸಬನ ಕೈಗೆ ಕೆಲಸ ದಾಟಿರಬೇಕು. ಒಂದು ತಲೆಮಾರು ತಪ್ಪಿದರೆ ಪುಸ್ತಕ ಉಳಿಯುತ್ತದೆ, ಕೈ ಉಳಿಯುವುದಿಲ್ಲ.

ಸಮಾಧಾನದ ವಿಷಯವೆಂದರೆ ಆ ದಾರ ಪೂರ್ತಿ ಕಡಿದಿಲ್ಲ. ಬೆಂಗಳೂರಿನಲ್ಲೇ ಎಚ್‌ಟಿಟಿ-40 ಎಂಬ ಹೊಸ ತರಬೇತಿ ವಿಮಾನ 2016ರ ಮೇ 31ರಂದು ಹಾರಿತು. ಅಂಥ 70 ವಿಮಾನಗಳಿಗೆ ಸರ್ಕಾರ 2023ರಲ್ಲಿ ಒಪ್ಪಂದ ಮಾಡಿಕೊಂಡಿತು. ಇನ್ನೊಂದು ಕಡೆ ಬೆಂಗಳೂರಿನ ರಾಷ್ಟ್ರೀಯ ಪ್ರಯೋಗಾಲಯವಾದ ಎನ್‌ಎಎಲ್ 'ಹಂಸ' ಎಂಬ ಎರಡು ಆಸನದ ಹಗುರ ವಿಮಾನವನ್ನು ರೂಪಿಸಿತು. ಅದು ಮೊದಲು ಹಾರಿದ್ದು 1993ರಲ್ಲಿ. ಅದರ ಮೈ ಮರದ್ದೂ ಅಲ್ಲ, ಲೋಹದ್ದೂ ಅಲ್ಲ, ಗಾಜಿನ ನಾರಿಗೆ ಅಂಟು ಹಾಕಿ ಅಚ್ಚಿನಲ್ಲಿ ಗಟ್ಟಿಮಾಡಿದ್ದು. ಅದರ ಸುಧಾರಿಸಿದ ಮಾದರಿ 2021ರ ಸೆಪ್ಟೆಂಬರ್ 3ರಂದು ಹಾರಿತು. ಇಲ್ಲಿ ಮತ್ತೆ ಸಣ್ಣ ಎಂಜಿನ್, ಹಗುರ ಮೈ, ಕೆಳಗೆ ಜೋಡಿಸಿದ ರೆಕ್ಕೆ. ನೂರು ವರ್ಷದ ಹಿಂದೆ ಕ್ಲೆಮ್ ಹಿಡಿದ ದಾರಿಯೇ.

ಕೇಳುಗ ಬಾಂಧವರೇ, ಇದೆಲ್ಲ ಪಟ್ಟಣದವರ ವಿಷಯ, ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಎರಡು ಮಾತು ಹೇಳಿ ಮುಗಿಸುತ್ತೇನೆ. ಒಂದು, ಗಾಳಿಯ ವಿದ್ಯೆ ನಮ್ಮಿಂದ ದೂರದ್ದಲ್ಲ. ಕಣದಲ್ಲಿ ರಾಗಿ ತೂರುವಾಗ, ತೆಲುಗಿನಲ್ಲಿ ತೂರ್ಪಾರ ಪಡುವಾಗ, ಯಾವ ಕಡೆ ನಿಂತು ಎಷ್ಟು ಎತ್ತರದಿಂದ ಸುರಿಯಬೇಕೆಂದು ನಮ್ಮ ಹೆಂಗಸರಿಗೆ ಗೊತ್ತು. ರಾಮಗಿರಿ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ಅಲಗು ಕೂಡ ವಿಮಾನದ ರೆಕ್ಕೆಯ ಲೆಕ್ಕದ್ದೇ. ಇನ್ನೊಂದು, ಘಾಟಗೆಯವರೂ ನಮ್ಮಂತೆ ಗಡಿಯ ಹಳ್ಳಿಯವರು. ಎರಡು ಭಾಷೆಯ ಊರಿನಲ್ಲಿ ಹುಟ್ಟಿದ್ದು ಅವರಿಗೆ ಅಡ್ಡಿಯಾಗಲಿಲ್ಲ. ನಮ್ಮ ಮಕ್ಕಳಿಗೂ ಆಗಬೇಕಾಗಿಲ್ಲ. ಲೆಕ್ಕ, ವಿಜ್ಞಾನ ಓದುವ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ರಜೆಯಲ್ಲಿ ಒಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿ. ಎಚ್‌ಎಎಲ್ ಕಾರ್ಖಾನೆಯವರು 2001ರಲ್ಲಿ ತೆರೆದ ವಿಮಾನ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2 ಇಟ್ಟಿದ್ದಾರೆ, ಮರುತ್, ಕಿರಣ್‌ಗಳೂ ಇವೆ. ಮಕ್ಕಳಿಗೆ ಅದರ ಎರಡು ಆಸನಗಳನ್ನೂ ತೋರಿಸಿ. ಮುಂದಿನದು ಯಾರದು, ಹಿಂದಿನದು ಯಾರದು ಎಂದು ಕೇಳಿ. ಎರಡೂ ಯಾಕೆ ಬೇಕು ಎಂಬುದನ್ನು ಅವರೇ ಹೇಳುತ್ತಾರೆ.